‘ಏನ್ರಿ’ ಎಂದಾಗ ತಿರುಗಿದವರು

ಹುಬ್ಬಳ್ಳಿಯ ನಾಯಿಗಳ ಪಾರ್ಕಿಗೆ ಮೊದಲ ಸಲ ಹೋಗಿದ್ದೆವು. ಬೆಲ್ಟ್ ಬಿಚ್ಚಿದ್ದೇ ತಡ, ನಮ್ಮ ರಾಜು ತೆರೆದ ಗೇಟಿನತ್ತ ಓಡಿತು. ಆಚೆ ಬಸ್ಸು, ಆಟೊಗಳ ರಸ್ತೆ. ನಾನು ಹೆಸರು ಹಿಡಿದು ಎಷ್ಟು ಕೂಗಿದರೂ ನಿಲ್ಲಲಿಲ್ಲ. ನಾಯಿ ಕೊಟ್ಟವರು ಇಟ್ಟ ಆ ಹೆಸರನ್ನು ಅವ್ವ ಆಗ ಹೇಳುತ್ತಿರಲಿಲ್ಲ. ಅಪ್ಪನ ಹೆಸರೂ ರಾಜು.

“ಏನ್ರೀ, ಬರ್ರಿ ಇಲ್ಲೆ” ಎಂದಳು ಅವ್ವ.

ನಾಯಿ ಗೇಟಿನಲ್ಲೇ ತಿರುಗಿತು. ಬೆಂಚಿನ ಮೇಲಿದ್ದ ಗಂಡಸರೂ ತಿರುಗಿದರು. ಮೂವರೆಂದು ನನ್ನ ನೆನಪು, ಇಬ್ಬರೇ ಎಂದು ಅವ್ವನ ವಾದ. ಅವರಲ್ಲಿ ಅಪ್ಪ ಇದ್ದದ್ದಂತೂ ಖರೆ.

“ನನ್ನ ಕರದ್ಯೋ, ನಾಯಿನ್ನ ಕರದ್ಯೋ?” ಎಂದರು ಅಪ್ಪ.

“ಯಾರು ಲಗೂ ಬರ್ತಾರ, ಅವರಿಗೆ ಬಿಸ್ಕೀಟ್ ನೋಡ್ರಿ.”

ನಾಯಿಯೇ ಮೊದಲು ಬಂತು.

ಅಂದಿನಿಂದ ‘ಏನ್ರಿ’ ನಾಯಿಗೇ ಉಳಿದಿದೆ. ಗೊಂದಲ ಬೇಡವೆಂದು ಅವ್ವ ಈಗ ಅಪ್ಪನನ್ನು ಹೆಸರು ಹಿಡಿದು ಕರೆಯುತ್ತಾಳೆ. ಅಪ್ಪ ಕೇಳಿಸದವರಂತೆ ಕುಳಿತು, ಇನ್ನೊಮ್ಮೆ ಕರೆಸಿಕೊಳ್ಳುತ್ತಾರೆ.