ಮಳವಳ್ಳಿಯ ಕಾವಲಿಗೆ ಕುರಿ ಹೊಕ್ಕ ದಿನ

ಮಂಡ್ಯದಿಂದ ಮದ್ದೂರಿಗೆ ಬೆಳಗಿನ ರೈಲಿನಲ್ಲಿ ಹೋದೆ. ಅಲ್ಲಿಂದ ಮಳವಳ್ಳಿಗೆ ಹದಿನೈದು ಮೈಲಿ. ಯುದ್ಧಕಾಲ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಏರು ಬಂದಲ್ಲೆಲ್ಲ ಏದುಸಿರು ಬಿಟ್ಟಿತು. ಎರಡು ಕಡೆ ನಾವೇ ಇಳಿದು ನಡೆದೆವು. ಮಳೆ ಬಿದ್ದು ವಾರವಾಗಿತ್ತು.

ಮಳವಳ್ಳಿಯ ಹೊರಗಿನ ಹಳ್ಳಿಯಲ್ಲಿ ನನ್ನ ಸೋದರತ್ತೆ ಪುಟ್ಟಮ್ಮ ಕುರಿ ಸಾಕುತ್ತಾರೆ. ಕುರಿ ಹುಲ್ಲನ್ನು ಬೇರುಸಮೇತ ಮುಗಿಸುತ್ತದೆ, ಎತ್ತುಗಳಿಗೆ ಉಳಿಯುವುದಿಲ್ಲ ಎಂದು ಪಟೇಲರು ಎರಡು ವರ್ಷದ ಹಿಂದೆ ಊರಿನ ಕಾವಲಿನ, ಅಂದರೆ ಮೇವಿನ ಬಯಲಿನ, ಅರ್ಧಕ್ಕೆ ಮುಳ್ಳುಬೇಲಿ ಹಾಕಿಸಿ, ಹುಲ್ಲು ಕೂಡಿಬರಲಿ ಎಂದು ದನವನ್ನೂ ಒಳಗೆ ಬಿಟ್ಟಿರಲಿಲ್ಲ. ಈಗ ಉಳಿದರ್ಧವನ್ನೂ ಮುಚ್ಚುವ ಮಾತು ಎದ್ದಿತ್ತು. ಮುಚ್ಚಿದರೆ ಅತ್ತೆ ಮಂದೆಯನ್ನೇ ಮಾರಬೇಕು. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿದ ನಾನು ಬಂದು ಒಂದು ಮಾತು ಹೇಳಲಿ ಎಂದು ಅತ್ತೆ ಕರೆಸಿದ್ದರು.

ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಕಾವಲಿಗೆ ನಡೆದೆವು. ಬೇಲಿಯ ಬಳಿ ತಮ್ಮ ಜೋಡಿ ಎತ್ತು ಹಿಡಿದು ಪಟೇಲರೂ, ನಾಲ್ಕಾರು ರೈತರೂ ಇದ್ದರು.

"ಹುಲ್ಲು ಓದಕ್ಕೆ ಮೈಸೂರ್‌ಗಂಟ ಓಗಿದ್ಯಾ ಕಣವ್ವ? ನಮ್ಮೆತ್ತು ಓದ್ದೆನೇ ಮೇಯ್ತದೆ!" ಎಂದರು ಪಟೇಲರು. ಎಲ್ಲರೂ ನಕ್ಕರು.

ನಾನು ಬೇಲಿಯ ಎರಡೂ ಬದಿ ತೋರಿಸಿದೆ. ಮುಚ್ಚಿದ ಕಡೆ ಹುಲ್ಲು ಎದೆಯೆತ್ತರವಿತ್ತು. ಆದರೆ ಹಳೆಯದು ಒಣಗಿ ಒಂದರ ಮೇಲೊಂದು ಬಿದ್ದು, ಅಡಿಯ ಚಿಗುರು ಬಿಸಿಲು ಕಾಣದೆ ಹಳದಿಯಾಗಿತ್ತು. ನಡುವೆ ಜಾಲಿ ಎದ್ದಿತ್ತು. ತೆರೆದ ಕಡೆ ದನ ಉದ್ದ ಹುಲ್ಲನ್ನು ಮೇಯ್ದು, ಹಿಂದೆ ಬಂದ ಕುರಿ ಗಿಡ್ಡದ್ದನ್ನು ಕಚ್ಚಿ, ಹೊಸ ಚಿಗುರು ಒತ್ತಾಗಿ ಬಂದಿತ್ತು. ಒಂದು ಗೊರಸಿನ ಗುಳಿಯಲ್ಲಿ ನೆಲಗುಬ್ಬಿ ಮೊಟ್ಟೆಯಿಟ್ಟಿತ್ತು. ಮೇಯುವ ಬಾಯಿ, ತುಳಿಯುವ ಕಾಲು ಇಲ್ಲದಿದ್ದರೆ ಈ ಕಾವಲು ಕಾವಲಾಗಿ ಉಳಿಯುವುದಿಲ್ಲ ಎಂದೆ.

ಪಟೇಲರು ಒಪ್ಪಲಿಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ನಮ್ ಮಾತು ಬ್ಯಾಡ ಬುಡಿ ಗೌಡ್ರೇ. ನಿಮ್ಮೆತ್ತನ್ನೇ ಕೇಳಿ. ಬೇಲಿ ಬಾಯ್ತಾವ ಬುಡಿ, ಯಾವ್ ಕಡೀಕ್ ಓಯ್ತವೋ ನೋಡ್ಮ."

ಬಿಟ್ಟರು. ಜೋಡಿ ಎತ್ತುಗಳು ಎತ್ತರದ ಹುಲ್ಲಿಗೆ ಮೂತಿ ಹಾಕಿ, ಸೀನಿ, ತಿರುಗಿ ಬಂದು ಕುರಿ ಮೇಯ್ದ ನೆಲದ ಚಿಗುರಿಗೇ ಬಾಯಿ ಹಾಕಿದವು.

"ಥೂ! ನಮ್ಮನೆ ಹಿಂಡಿ ತಿಂದು ಪುಟ್ಟಮ್ಮನ್ ಕಡೆ ಸೇರ್ಕಂಡ್ರಾ!" ಪಟೇಲರು ಬೈಯುತ್ತಲೇ ನಕ್ಕುಬಿಟ್ಟರು. "ಕಿತ್ತಾಕ್ರಲಾ ಬೇಲಿಯ."

"ನಮ್ ಮಗ್ಳು ಏಳಿದ್ದು ಸುಳ್ಳಾ?" ಎಂದು ಅತ್ತೆ ಎಲ್ಲರನ್ನೂ ಒಮ್ಮೆ ನೋಡಿದರು. ನನ್ನ ಮುಖ ಬಿಸಿಯಾಯಿತು.

ಬೇಲಿ ಕಿತ್ತ ಮೇಲೆ ಕುರಿಗಳು ಒಳಹೊಕ್ಕು ಹುಲ್ಲಿನಲ್ಲಿ ಮುಳುಗಿಹೋದವು. ಕೂಗು ಮಾತ್ರ ಕೇಳುತ್ತಿತ್ತು.

ಸಂಜೆ ಬಸ್ಸಿನ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಒಣಹುಲ್ಲಿನ ನಡುವೆ ಆಗಲೇ ಹಾದಿಗಳು ಮೂಡಿದ್ದವು.

"ಯಾರ್ ಕುರಿಗಳವ್ವ ಅವು?" ಪಕ್ಕದ ಹೆಂಗಸು ಕೇಳಿದಳು.

ಗುರುತಿಲ್ಲದವರೊಡನೆ ನಾನು ಮಾತು ಬೆಳೆಸುವವಳಲ್ಲ.

"ನಮ್ಮವು" ಎಂದೆ. "ಕಾವಲೂ ನಮ್ಮದೇ."