ಉಸಿರಿನ ಜಾಗ

ನಾನು ನಿಂತಿದ್ದದ್ದು ನನ್ನ ಡ್ರಮ್ಸ್ ಮೇಷ್ಟ್ರ ಕುರ್ಚಿಯ ಎಡಕ್ಕೆ, ತುಮಕೂರಿನ ಸದಾಶಿವನಗರದ ಅವರ ಮನೆಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ. ಅವರಿಗೆ ಪಾರ್ಶ್ವವಾಯು ಹೊಡೆದು ತಿಂಗಳಾಗಿತ್ತು. ಬಲಗೈಯನ್ನು ಎಡಗೈಯಿಂದ ಎತ್ತಿ ಕಂಪ್ಯೂಟರಿನ ಮೌಸಿನ ಮೇಲಿಟ್ಟರು. ಅದು ಜಾರಿಬಿತ್ತು. ನಾನು ಗೋಡೆಯ ಕಡೆ ನೋಡಿದೆ.

"ಏನ್ಲಾ ಅಲ್ಲಿ ನೋಡ್ತೀಯಾ? ನೀನೇ ಕೂತ್ಕೊ," ಅಂದರು.

ಸಂಜೆ ಗುಬ್ಬಿಯ ನಾಟಕಕ್ಕೆ ಅವರ ಬದಲು ಬೇರೊಬ್ಬರು, ಬರೆದದ್ದನ್ನು ನೋಡಿಕೊಂಡು ಬಾರಿಸಬೇಕಿತ್ತು. ಮೇಷ್ಟ್ರು ಪೆಟ್ಟುಗಳನ್ನು ಬಾಯಲ್ಲೇ ಹೇಳಿದರು; ನಾನು ಸಂಗೀತ ಬರೆಯುವ ನೊಟೇಶನ್ ಸಾಫ್ಟ್‌ವೇರಿನಲ್ಲಿ ತುಂಬಿಸಿದೆ. ಕೈಯ ಪೆಟ್ಟುಗಳ ಗುರುತಿನ ಕಡ್ಡಿ ಮೇಲಕ್ಕೆ, ಕಾಲಿನವುಗಳದ್ದು ಕೆಳಕ್ಕೆ.

"ಒಂದು ಬಾರ್ ಸರಿಯಾಗಿ ಮಾಡು, ಮಿಕ್ಕಿದ್ದು ತಾನಾಗೇ ಬರ್ತದೆ" ಎಂಬುದು ಅವರ ಎಂದಿನ ಮಾತು. ನಾನು ಒಂದು ಬಾರ್, ಅಂದರೆ ತಾಳದ ಒಂದು ಸುತ್ತು, ಸರಿಮಾಡಿ, ಒಂದೇ ಕೀ ಒತ್ತುತ್ತಾ ಹಾಡಿನ ಕೊನೆಯವರೆಗೂ ನಕಲು ಮಾಡಿಬಿಟ್ಟೆ. ಬೇಗ ಮುಗಿಯಿತೆಂದು ಹಿಗ್ಗಿದೆ.

ಮೇಷ್ಟ್ರು ಬೈಯಲಿಲ್ಲ. ಅಲ್ಲೇ ಕೂತಿದ್ದ ನಾಟಕದ ಹಾಡುಗಾರ್ತಿ ಗೀತಕ್ಕನಿಗೆ, "ಹಾಡಮ್ಮ," ಅಂದರು. ನಾನು ಬರೆದದ್ದನ್ನು ಕಂಪ್ಯೂಟರ್ ಅವರ ಹಾಡಿನ ಜೊತೆಗೆ ಬಾರಿಸಿತು. ಗೀತಕ್ಕ ಉಸಿರೆಳೆದಲ್ಲೆಲ್ಲ ಡ್ರಮ್ಮಿನ ಪೆಟ್ಟು ಬಿತ್ತು.

"ಇದೇನ್ ಸಾರ್, ಇವ್ನು ನನ್ ಕತ್ತು ಹಿಸುಕ್ತಾವ್ನೆ!" ಎಂದು ಅವರು ನಕ್ಕರು.

"ಕಾಪಿ ಮಾಡ್ಬೇಡ ಅನ್ನಲ್ಲ ಕಣೋ," ಅಂದರು ಮೇಷ್ಟ್ರು. "ಅವಳು ಉಸಿರು ಎಳ್ಕೊಳ್ಳೋ ಜಾಗ ಬುಟ್ಟು ಮಾಡು."

ಗೀತಕ್ಕ ಮತ್ತೆ ಮತ್ತೆ ಹಾಡಿದರು. ಉಸಿರಿನ ಜಾಗ ಬಂದಾಗಲೆಲ್ಲ ಮೇಷ್ಟ್ರ ಎಡಗೈ ನನ್ನ ಭುಜ ಒತ್ತುತ್ತಿತ್ತು. ಅಲ್ಲಿನ ಪೆಟ್ಟನ್ನು ನಾನು ಅಳಿಸುತ್ತಿದ್ದೆ. ಹದಿನಾಲ್ಕು ಕಡೆ ಅಳಿಸಿದೆ. ಸಂಜೆ ಗುಬ್ಬಿಯಲ್ಲಿ ಗೀತಕ್ಕ ಎಲ್ಲೂ ತಡವರಿಸಲಿಲ್ಲ. ರಂಗದ ಪಕ್ಕದ ಪರದೆಯ ಮರೆಯಲ್ಲಿ ಕೂತಿದ್ದ ಮೇಷ್ಟ್ರು, ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಮೆಲ್ಲಗೆ ತಟ್ಟುತ್ತಾ ತಾಳ ಹಾಕಿದರು.

ಮೇಷ್ಟ್ರು ಈಗಿಲ್ಲ. ನನಗೆ ಪೆಟ್ಟುಗಳನ್ನು ಬರೆಯುವ ಈ ಕೆಲಸ ಬಂದದ್ದು ಅವರಿಂದ. ಅಂದು ನಾನು ಕಂಡದ್ದನ್ನೆಲ್ಲ ಕಂಡ ಗೀತಕ್ಕ ಕುಣಿಗಲ್‌ನಲ್ಲಿದ್ದಾರೆ, ಇನ್ನೂ ಹಾಡುತ್ತಾರೆ.