ಏಕಾದಶಿಯ ಕಾಫಿ

ರಾಯದುರ್ಗದ ನಮ್ಮ ಅಡುಗೆಮನೆಯಲ್ಲಿ ಆ ಬೆಳಿಗ್ಗೆ ಇದ್ದವರು ಮೂವರು: ಮಣೆಯ ಮೇಲೆ ಕೂತ ಅಪ್ಪ, ಒಲೆಯ ಮುಂದೆ ಅವರ ತಂಗಿ ತುಂಗತ್ತೆ, ಮಡಕಶಿರಾದ ಶಾಲೆಯಲ್ಲಿ ಹೊಸದಾಗಿ ಮೇಷ್ಟ್ರಾಗಿ, ರಜೆಗೆಂದು ಬಂದು ಬಾಗಿಲಿಗೊರಗಿ ನಿಂತಿದ್ದ ನಾನು. ಮದರಾಸು ಸರ್ಕಾರದಿಂದ ನಮ್ಮ ಸೀಮೆಗೆ ದಕ್ಕಿದ್ದು ಎರಡು, ಕಚೇರಿಯ ಕಾಗದಗಳ ತೆಲುಗು ಮತ್ತು ಬೆಳಗಿನ ಕಾಫಿ. ಮೊದಲನೆಯದನ್ನು ಬೈಯುತ್ತ ಎರಡನೆಯದನ್ನು ಹೀರುವುದು ನಮ್ಮ ಮನೆಯ ನಿತ್ಯವಿಧಿ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಅತ್ತೆಗೆ ಮಾತ್ರ ಏಕಾದಶಿಯಂದು ಅದೂ ಇಲ್ಲ. ಬೀಜ ಹುರಿದು, ಪುಡಿ ಬೀಸಿ, ನಮಗೆಲ್ಲ ನೊರೆಯೆಬ್ಬಿಸಿ ಕೊಟ್ಟು, ತಾವು ಹಣೆಗೆ ಒದ್ದೆಬಟ್ಟೆ ಕಟ್ಟಿಕೊಂಡು ಸಂಜೆಯವರೆಗೆ ಮಲಗುತ್ತಿದ್ದರು.

ಎಷ್ಟು ವರ್ಷಗಳ ಮೇಲೋ, ಆ ಏಕಾದಶಿ ಬಾಯಿಬಿಟ್ಟು ಕೇಳಿದರು.

“ಅಣ್ಣಾ, ಕಾಫಿ ಕುಡಿದರ ಉಪವಾಸ ಕೆಡತೈತೇನ್ರಿ? ತಲಿ ಸಿಡೀತೈತಿ.”

ಅಪ್ಪ ಮೀಸೆಗಂಟಿದ ನೊರೆ ಒರೆಸಿಕೊಂಡರು. “ಋಷಿಗಳೇನು ಕಾಫಿ ಕಂಡಿದ್ರೇನವ್ವ, ಹೇಳಾಕ? ಪಾಪನೂ ಇಲ್ಲ, ಪುಣ್ಯನೂ ಇಲ್ಲ.”

ಅತ್ತೆಯ ಕೈ ಪಾತ್ರೆಯತ್ತ ಸರಿಯಿತು. ಓದುಗ ಮಹಾಶಯರೇ, ನಾನು ಅಲ್ಲಿಗೆ ಸುಮ್ಮನಿದ್ದಿದ್ದರೆ! ತರ್ಕಶಾಸ್ತ್ರದ ನಾಲ್ಕು ಪುಟ ತಿರುವಿದ್ದ ನಾಲಗೆ ಕೇಳಬೇಕಲ್ಲ.

“ಎರಡೂ ಇಲ್ಲಂದ್ರ, ಬಿಟ್ಟರೂ ನಷ್ಟ ಇಲ್ಲಲ್ಲ ಅತ್ತಿ?” ಎಂದೆ.

ಅಪ್ಪ ಮೆಚ್ಚಿ ತಲೆದೂಗಿದರು. “ಅದೂ ಖರೇನ. ಸುಮ್ನ ಮಂದಿ ಬಾಯಿಗೆ ಯಾಕ ಬೀಳಬೇಕು?”

“ಭಾಳ ಓದೀಯಪ್ಪ ಪಂಡಿತ,” ಅತ್ತೆ ನನ್ನ ಕಡೆ ತಿರುಗದೆ ಅಂದರು. “ನಿನ್ನ ಲೋಟ ಖಾಲಿ ಆಗೇತಿ, ತಾ ಇಲ್ಲಿ.”

ಪಾತ್ರೆಯಲ್ಲಿ ಉಳಿದದ್ದನ್ನು ನನಗೇ ಬಗ್ಗಿಸಿದರು. ನಾಚಿಕೆಯಿಲ್ಲದೆ ಕುಡಿದೆ.

ಪಾಪದ ಲೆಕ್ಕಕ್ಕೂ ಪುಣ್ಯದ ಲೆಕ್ಕಕ್ಕೂ ಬಾರದ ಇಂಥ ತಟಸ್ಥ ಸಂಗತಿಗಳು ಲೋಕದಲ್ಲಿ ಅಸಂಖ್ಯ. ಶಾಸ್ತ್ರವು ಮಾತಾಡದೆ ಬಿಟ್ಟ ಆ ಬಯಲು ಮನುಷ್ಯನ ಸ್ವೇಚ್ಛೆಗೆಂದೇ ಉಳಿದದ್ದು ಎಂದು ನಾನು ಮಕ್ಕಳಿಗೆ ಪಾಠ ಹೇಳಿದ್ದುಂಟು. ಆದರೆ ಅಲ್ಲಿ ಬೇಲಿ ಹಾಕಲು ಮೊದಲು ಓಡುವವರು ಮನೆಯವರೇ, ಅದೂ ತಮ್ಮ ಹೊಟ್ಟೆ ಬೆಚ್ಚಗಿರುವಾಗ. ನನಗೆ ಅದು ಒಂದು ಲೋಟ, ಒಂದು ವಾದ. ಅತ್ತೆಗೆ, ಉಡುವುದು ಉಣ್ಣುವುದೆಲ್ಲವನ್ನೂ ಬೇರೆಯವರು ನಿಶ್ಚಯಿಸಿಬಿಟ್ಟಿದ್ದ ಆ ಬಾಳಿನಲ್ಲಿ, ‘ನನಗೆ ಬೇಕು’ ಎನ್ನಲು ಉಳಿದಿದ್ದ ಒಂದೇ ಜಾಗ. ಇಷ್ಟು ಹೊಳೆಯಲು ನನಗೆ ಮಡಕಶಿರಾದ ಬಾಡಿಗೆ ಕೋಣೆಯಲ್ಲಿ ಹಲವು ದಿನ ಬೇಕಾಯಿತು.

ಮುಂದಿನ ರಜೆಯಲ್ಲಿ ಬಂದ ಏಕಾದಶಿಗೆ ನಾನೇ ಕಾಫಿ ಮಾಡಿ, ಹಿತ್ತಲಲ್ಲಿ ಕೂತಿದ್ದ ಅತ್ತೆಗೆ ಒಯ್ದು ಕೊಟ್ಟೆ. ಅಪ್ಪನೂ ಹಿಂದೆಯೇ ಬಂದರು.

“ಕುಡಿಯವ್ವ ತುಂಗಾ,” ಅಂದರು, ಅಪ್ಪಣೆ ಕೊಟ್ಟವರಂತೆ.

ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದು ಪೂರ್ತಿ ಆರುವವರೆಗೆ ಕೂತಿದ್ದರು. ಆಮೇಲೆ ಎದ್ದು ಬಚ್ಚಲಿಗೆ ಸುರಿದು, ಲೋಟ ತೊಳೆದು ಕವುಚಿಟ್ಟರು.